ರಸ್ತೆಯ ಪಾಠಕ್ಕೆ ವಯಸ್ಸಿಲ್ಲ

(ಶಹಾಡಿನ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದಲ್ಲಿ ಸಾಹಿತ್ಯದ ಮಾತು ನಡೆಯಬೇಕು, ನಾಡುನುಡಿಯ ಮಾತು ನಡೆಯಬೇಕು. ಸ್ಕೂಟರು, ಲಾರಿ, ಬ್ರೇಕುಗಳ ಮಾತು ಇಲ್ಲೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ಉತ್ತರ ಇಷ್ಟೆ: ಓದುವವನು ಕ್ಷೇಮವಾಗಿ ಇಲ್ಲಿಗೆ ಬಂದು, ಕ್ಷೇಮವಾಗಿ ಮನೆ ಮುಟ್ಟಿದರೆ ತಾನೆ ಓದು? ತಿಳಿಯದ್ದನ್ನು ತಿಳಿಸುವುದಕ್ಕಾಗಿಯೇ ವಾಚನಾಲಯವಿರುವುದಾದರೆ, ನಾವು ದಿನವೂ ತುಳಿಯುವ ರಸ್ತೆಯೂ ಒಂದು ಪುಸ್ತಕವೇ. ಅದನ್ನು ಸರಿಯಾಗಿ ಓದದವರಿಗೆ ಆಗುವ ನಷ್ಟವನ್ನು ಯಾವ ಗ್ರಂಥಪಾಲನೂ ತುಂಬಿಕೊಡಲಾರ.

ನಮ್ಮ ಶಹಾಡು ಕಲ್ಯಾಣಕ್ಕೂ ಅಂಬಿವಲಿಗೂ ನಡುವಿನ ಸಣ್ಣ ಸ್ಟೇಶನ್ನು. ಆದರೆ ಇಲ್ಲಿಯ ರಸ್ತೆ ಸಣ್ಣದಲ್ಲ. ಕಲ್ಯಾಣದಿಂದ ಮುರಬಾಡ, ಮಾಳಶೇಜ ಘಾಟದ ಕಡೆಗೆ ಹೋಗುವ ಹೆದ್ದಾರಿ ನಮ್ಮ ರೇಲ್ವೆ ಹಳಿಗಳ ಮೇಲಿನ ಸೇತುವೆಯನ್ನು ಹತ್ತಿ ಇಳಿದೇ ಮುಂದಕ್ಕೆ ಹೋಗಬೇಕು. ಆ ಸೇತುವೆಯ ಮೇಲೆ ಸರಕಿನ ಲಾರಿ, ಎಸ್.ಟಿ. ಬಸ್ಸು, ರಿಕ್ಷಾ, ಕಾರಖಾನೆಯ ಪಾಳಿ ಮುಗಿಸಿ ಬರುವವರ ಬೈಕು, ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರ ಸ್ಕೂಟರು, ಎಲ್ಲವೂ ಒಂದರ ಮೈಗೊಂದು ತಾಗುವಂತೆ ಸಾಗುತ್ತವೆ. ಈ ಸಭೆಯಲ್ಲಿ ಕುಳಿತವರಲ್ಲಿ ಹೊಟೇಲು ಕೆಲಸ ಮುಗಿಸಿ ಮಧ್ಯರಾತ್ರಿ ಮರಳುವವರಿದ್ದಾರೆ. ನಸುಕಿನ ಲೋಕಲ್ ಗಾಡಿ ಹಿಡಿಯಲು ಸ್ಟೇಶನ್ನಿನವರೆಗೆ ಬೈಕು ಓಡಿಸುವ ಕಾರಕೂನರಿದ್ದಾರೆ. ರಿಕ್ಷಾ ಮತ್ತು ಟೆಂಪೊ ನಡೆಸಿ ಹೊಟ್ಟೆ ಹೊರೆಯುವವರಿದ್ದಾರೆ. ಮೊಬೈಲಿನಲ್ಲಿ ಬಂದ ಆರ್ಡರನ್ನು ಮನೆಮನೆಗೆ ಮುಟ್ಟಿಸುವ ತರುಣರಿದ್ದಾರೆ. ಒಟ್ಟಿನಲ್ಲಿ, ನಮ್ಮ ಅನ್ನ ರಸ್ತೆಯ ಮೇಲೆ ಹಾದು ಬರುತ್ತದೆ.

ಭಾರತ ಸರಕಾರದ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ತೀರಿಕೊಂಡವರು ೧,೬೮,೪೯೧ ಮಂದಿ. ಗಂಟೆಗೆ ಹತ್ತೊಂಬತ್ತು ಜನರಾದರು. ಇವರಲ್ಲಿ ೭೪,೮೯೭ ಮಂದಿ, ಎಂದರೆ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಜನ, ಎರಡು ಚಕ್ರದ ವಾಹನಗಳ ಮೇಲಿದ್ದವರು. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ಹದಿನೆಂಟರಿಂದ ನಲವತ್ತೈದರೊಳಗಿನ ವಯಸ್ಸಿನವರು. ಎಂದರೆ ಮನೆಗೆ ದುಡಿದು ಹಾಕುವ ಕೈಗಳು. ಊರಿನಲ್ಲಿರುವವನಿಗೆ ಕೈ ಮುರಿದರೆ ಅಣ್ಣನೋ ದಾಯಾದಿಯೋ ಎರಡು ತಿಂಗಳು ನೋಡಿಕೊಂಡಾನು. ಪರಸ್ಥಳದಲ್ಲಿ ಒಂದು ಖೋಲಿ ಹಿಡಿದು, ತಿಂಗಳ ಪಗಾರದಲ್ಲಿ ಅರ್ಧವನ್ನು ಊರಿಗೆ ಕಳಿಸುವ ನಮ್ಮವನು ಮಲಗಿದರೆ ಇಲ್ಲಿಯ ಒಲೆಯೂ ಆರುತ್ತದೆ, ಅಲ್ಲಿಯ ಒಲೆಯೂ ಆರುತ್ತದೆ. ಆದುದರಿಂದ ಈ ವಿಷಯ ನಮಗೆ ಪರಕೀಯವಲ್ಲ.

ನಮ್ಮ ಜನರಲ್ಲಿ ಒಂದು ತಿಳುವಳಿಕೆ ಬೇರೂರಿದೆ. ಗಾಡಿ ನಡೆಸುವುದು ಈಜು ಕಲಿತ ಹಾಗೆ. ಒಮ್ಮೆ ಬಂದರೆ ಸಾಯುವತನಕ ಮರೆಯುವುದಿಲ್ಲ ಎಂದು. ಮರೆಯುವುದಿಲ್ಲ, ನಿಜ. ಆದರೆ ಕಲಿತವನು ಇದ್ದಂತೆಯೇ ಇರುತ್ತಾನೆಯೆ? ಹದಿನೆಂಟರ ಕಣ್ಣು ಅರವತ್ತಕ್ಕೆ ಇರುವುದಿಲ್ಲ. ಅರವತ್ತರ ವಿವೇಕ ಹದಿನೆಂಟಕ್ಕೆ ಇರುವುದಿಲ್ಲ. ಲೈಸೆನ್ಸು ಸಿಕ್ಕ ದಿನಕ್ಕೆ ವಿದ್ಯೆ ಮುಗಿಯಿತೆಂದು ತಿಳಿಯುವುದೇ ನಮ್ಮ ದೊಡ್ಡ ಆಪತ್ತು. ಒಂದೊಂದು ವಯಸ್ಸಿಗೆ ಒಂದೊಂದು ತಪ್ಪಿದೆ. ಆದ್ದರಿಂದ ಒಂದೊಂದು ವಯಸ್ಸಿಗೆ ಒಂದೊಂದು ಪಾಠವೂ ಇರತಕ್ಕದ್ದು. ಇಂದು ಆ ಪಾಠಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಹುಡುಗರ ಮಾತು. ಹತ್ತನೆಯ ತರಗತಿ ಪಾಸಾದ ಮಗನಿಗೆ ಸ್ಕೂಟರಿನ ಕೀಲಿಕೈ ಕೊಡುವುದು ಈಗ ನಮ್ಮ ಚಾಳುಗಳಲ್ಲಿಯೂ ಪ್ರೀತಿಯ ಕುರುಹಾಗಿದೆ. ಕಾನೂನು ಏನು ಹೇಳುತ್ತದೆ? ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸಕೂಡದು. ಹದಿನಾರು ತುಂಬಿದವರಿಗೆ ಇರುವ ಸವಲತ್ತು ೫೦ ಸಿ.ಸಿ. ಮೀರದ ಎಂಜಿನ್ನಿನ ಬಂಡಿಗೆ ಮಾತ್ರ; ಅದಕ್ಕೂ ಲೈಸೆನ್ಸು ಬೇಕು. ಇಂದು ನಮ್ಮ ಅಂಗಳಗಳಲ್ಲಿ ನಿಂತಿರುವ ಸ್ಕೂಟರುಗಳು ನೂರು, ನೂರಿಪ್ಪತ್ತೈದು ಸಿ.ಸಿ.ಯವು. ೨೦೧೯ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ವಯಸ್ಸಿನವನು ಗಾಡಿ ನಡೆಸಿ ಅಪರಾಧವಾದರೆ ತಂದೆಯನ್ನು ಅಥವಾ ಗಾಡಿಯ ಮಾಲಿಕನನ್ನೇ ಹೊಣೆ ಹಿಡಿಯುತ್ತಾರೆ. ಮೂರು ವರ್ಷದವರೆಗೆ ಸಜೆ, ೨೫,೦೦೦ ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಇಲ್ಲ. ಚಾಲಕನಾಗಿ ಹೊಟ್ಟೆ ಹೊರೆಯಬೇಕೆನ್ನುವ ಹುಡುಗನ ಜೀವನದಿಂದ ಏಳು ವರ್ಷ ಕಿತ್ತುಕೊಂಡ ಹಾಗಾಯಿತು.

ದಂಡದ ಹೆದರಿಕೆಯೊಂದೇ ಸಾಲದು; ಕಲಿಸುವ ಕ್ರಮವೂ ಬೇಕು. ಕಲಿಯುವವರ ಲೈಸೆನ್ಸು ಪಡೆದ ಮೇಲೆ ಪಕ್ಕಾ ಲೈಸೆನ್ಸಿಗೆ ಕನಿಷ್ಠ ಮೂವತ್ತು ದಿನ ಕಾಯಬೇಕೆಂಬ ನಿಯಮವಿದೆ. ಈ ಮೂವತ್ತು ದಿನಗಳನ್ನು ನಾವು ಬರಿದೆ ಕಳೆಯುತ್ತೇವೆ. ಇಲ್ಲವೆ ಎಂಟರ ಆಕಾರ ಹಾಕುವುದನ್ನಷ್ಟೆ ಉರುಹೊಡೆದು ಆರ್.ಟಿ.ಓ. ಮುಂದೆ ಒಪ್ಪಿಸುತ್ತೇವೆ. ನಿಜವಾಗಿ ಕಲಿಯಬೇಕಾದ ವಿದ್ಯೆ ನಿಲ್ಲಿಸುವ ವಿದ್ಯೆ. ಎರಡು ಚಕ್ರದ ಬಂಡಿಗೆ ಬ್ರೇಕು ಹಾಕಿದೊಡನೆ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ; ಆದ್ದರಿಂದ ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಆದರೆ ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೆಯುತ್ತದೆಂದು ಯಾರೋ ಹೇಳಿದ ಮಾತನ್ನು ನಂಬಿ ನಮ್ಮ ಅನೇಕ ಹುಡುಗರು ಹಿಂದಿನದನ್ನಷ್ಟೆ ತುಳಿಯುತ್ತಾರೆ. ಚಕ್ರ ಜಾರಿ ಬಂಡಿ ಅಡ್ಡಾಗುತ್ತದೆ. ಖಾಲಿ ಮೈದಾನದಲ್ಲಿ, ಮೊದಲು ಮೆಲ್ಲಗೆ, ಆಮೇಲೆ ತುಸು ವೇಗದಲ್ಲಿ, ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಂತಹಂತವಾಗಿ ಒತ್ತಿ ನೇರವಾಗಿ ನಿಲ್ಲುವುದನ್ನು ನೂರು ಸಲ ಮಾಡಿಸಿರಿ. ಆ ನೂರು ಸಲದ ಅಭ್ಯಾಸ ಒಂದು ದಿನ ಒಂದು ಸಲ ಉಪಯೋಗಕ್ಕೆ ಬರುತ್ತದೆ, ಅಷ್ಟೇ ಸಾಕು.

ಇನ್ನು ಇಪ್ಪತ್ತರಿಂದ ಮೂವತ್ತೈದರ ತರುಣರ ಸರದಿ. ಇವರ ತಪ್ಪಿನ ಹೆಸರು ವೇಗ. ೨೦೨೨ರಲ್ಲಿ ಸತ್ತವರಲ್ಲಿ ನೂರಕ್ಕೆ ಎಪ್ಪತ್ತೊಂದು ಜನರ ಸಾವಿಗೆ ಅತಿವೇಗವನ್ನೇ ಸರಕಾರಿ ವರದಿ ಕಾರಣವಾಗಿ ಬರೆದಿದೆ. ವೇಗದ ಲೆಕ್ಕ ನಮ್ಮ ಮನಸ್ಸಿನ ಲೆಕ್ಕದಂತೆ ನಡೆಯುವುದಿಲ್ಲ. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಹೋಗುವವನಿಗೆ ಎದುರಿಗೆ ಮಗುವೊಂದು ಅಡ್ಡ ಬಂದಿತೆನ್ನಿ. ನೋಡಿ, ತಿಳಿದು, ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಬಂಡಿ ಎಂಟು ಮೀಟರು ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಮತ್ತೆ ಸುಮಾರು ಏಳು ಮೀಟರು. ಒಟ್ಟು ಹದಿನೈದು. ಅರವತ್ತರ ವೇಗದಲ್ಲಿ ಇದು ಮೂವತ್ತಾಗುವುದಿಲ್ಲ. ಸುಮಾರು ನಲವತ್ತೈದು ಆಗುತ್ತದೆ. ಏಕೆಂದರೆ ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ನಮ್ಮ ಲೋಕಲ್ ಗಾಡಿಯ ಒಂದು ಡಬ್ಬಿ ಸುಮಾರು ಇಪ್ಪತ್ತು ಮೀಟರು ಉದ್ದ. ಮೂವತ್ತರಲ್ಲಿ ಹೋಗುವವನು ಒಂದು ಡಬ್ಬಿಯೊಳಗೆ ನಿಲ್ಲುತ್ತಾನೆ. ಅರವತ್ತರವನಿಗೆ ಎರಡು ಡಬ್ಬಿ ಸಾಲುವುದಿಲ್ಲ. ಶಹಾಡಿನಿಂದ ಕಲ್ಯಾಣದವರೆಗೆ ಇಷ್ಟು ಅವಸರ ಮಾಡಿ ಉಳಿಸುವುದು ಎರಡೋ ಮೂರೋ ನಿಮಿಷ. ಮುಂದಿನ ನಾಕಾದ ಸಿಗ್ನಲ್ಲಿನಲ್ಲಿ ಅದೂ ಹೋಗುತ್ತದೆ.

ತರುಣರ ಎರಡನೆಯ ತಪ್ಪು ಕೈಯಲ್ಲಿಯ ಮೊಬೈಲು. ಹೆಲ್ಮೆಟ್ಟಿನ ಒಳಗೆ ಅದನ್ನು ಸಿಕ್ಕಿಸಿಕೊಂಡು ಮಾತಾಡುವ ಚತುರರೂ ಇದ್ದಾರೆ. ಕೈ ಬಿಡುವಾದರೂ ಮನಸ್ಸು ಬಿಡುವಾಗುವುದಿಲ್ಲ. ಮನೆಯವಳೊಡನೆಯೋ ಮುಕಾದಮನೊಡನೆಯೋ ಮಾತಾಡಲೇಬೇಕಾದರೆ ಬಂಡಿಯನ್ನು ಬದಿಗೆ ನಿಲ್ಲಿಸಿ ಮಾತಾಡಿರಿ. ಮೂರನೆಯದು ಕುಡಿತ. ನೂರು ಮಿಲಿಲೀಟರು ರಕ್ತದಲ್ಲಿ ಮೂವತ್ತು ಮಿಲಿಗ್ರಾಮಿಗಿಂತ ಹೆಚ್ಚು ಮದ್ಯವಿದ್ದರೆ ಅಪರಾಧ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ‘ಸ್ವಲ್ಪವೇ ತೆಗೆದುಕೊಂಡೆ’ ಎನ್ನುವ ಮಾತನ್ನು ಯಂತ್ರ ಕೇಳುವುದಿಲ್ಲ, ಲಾರಿಯ ಚಕ್ರವೂ ಕೇಳುವುದಿಲ್ಲ.

ಇಲ್ಲಿ ಶಿರಸ್ತ್ರಾಣದ, ಎಂದರೆ ಹೆಲ್ಮೆಟ್ಟಿನ ಕಥೆಯನ್ನು ಸ್ವಲ್ಪ ಹೇಳಬೇಕು. ೧೯೩೫ರಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಎಂಬ ಪ್ರಸಿದ್ಧ ಸೈನಿಕ ಲೇಖಕ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನಿಗೆ ಚಿಕಿತ್ಸೆ ಮಾಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರಿದ್ದರು. ಈ ಸಾವು ಅವರನ್ನು ಕಾಡಿತು. ಯುದ್ಧಕಾಲದಲ್ಲಿ ಬೈಕಿನ ಮೇಲೆ ಸಂದೇಶ ಒಯ್ಯುವ ಸೈನಿಕರ ಸಾವುಗಳನ್ನು ಲೆಕ್ಕ ಹಾಕಿ, ತಲೆಯ ರಕ್ಷಣೆಯಿಂದ ಪ್ರಾಣ ಉಳಿಯುವುದೆಂದು ೧೯೪೧ರಲ್ಲಿ ಬರೆದು ಪ್ರಕಟಿಸಿದರು. ಅಲ್ಲಿಂದ ಬೆಳೆದ ವಿದ್ಯೆ ಇಂದು ಇಷ್ಟನ್ನು ನಿಶ್ಚಯವಾಗಿ ಹೇಳುತ್ತದೆ: ಹೆಲ್ಮೆಟ್ಟು ಧರಿಸಿದವನ ಸಾವಿನ ಸಂಭವ ನೂರಕ್ಕೆ ನಲವತ್ತೆರಡರಷ್ಟು, ತಲೆಯ ಗಾಯದ ಸಂಭವ ನೂರಕ್ಕೆ ಅರವತ್ತೊಂಬತ್ತರಷ್ಟು ಕಡಿಮೆಯಾಗುತ್ತದೆ. ಹೊರಗಿನ ಗಟ್ಟಿ ಕವಚ ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮೊಕೋಲಿನಂಥ ಪದರು ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಆದ್ದರಿಂದಲೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟು ನೋಡಲು ಚೆನ್ನಾಗಿದ್ದರೂ ಅದರ ಕೆಲಸ ಮುಗಿಯಿತು. ರಸ್ತೆಬದಿಯ ಅಗ್ಗದ ಟೋಪಿಯಲ್ಲಿ ಈ ಒಳಪದರು ಇರುವುದೇ ಇಲ್ಲ. ಐ.ಎಸ್.ಐ. ಮುದ್ರೆ ನೋಡಿ ಕೊಳ್ಳಿರಿ. ಗದ್ದದ ಪಟ್ಟಿಯನ್ನು ಕಟ್ಟಿಕೊಳ್ಳಿರಿ. ಕಟ್ಟದ ಹೆಲ್ಮೆಟ್ಟು ತಲೆಗಿಂತ ಮುಂಚೆ ನೆಲ ಮುಟ್ಟುತ್ತದೆ.

ಆದರೆ ಹೆಲ್ಮೆಟ್ಟು ಮುಂದೆ ಕುಳಿತವನಿಗೆ ಮಾತ್ರ ಎಂದು ನಾವು ಭಾವಿಸಿದ್ದೇವೆ. ೨೦೨೨ರಲ್ಲಿ ಹೆಲ್ಮೆಟ್ಟಿಲ್ಲದೆ ಸತ್ತ ೫೦,೦೨೯ ಜನರಲ್ಲಿ ೧೪,೩೩೭ ಮಂದಿ ಹಿಂದೆ ಕುಳಿತವರು. ಕನ್ನಡದ ನಟ ಸಂಚಾರಿ ವಿಜಯ್ ಅವರನ್ನು ನೀವೆಲ್ಲ ಬಲ್ಲಿರಿ. ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು. ಕೋವಿಡ್ ಕಾಲದಲ್ಲಿ ಕಷ್ಟದಲ್ಲಿದ್ದವರ ನೆರವಿಗೆ ಓಡಾಡಿದವರು. ೨೦೨೧ರ ಜೂನ್ ೧೨ರ ರಾತ್ರಿ ಬೆಂಗಳೂರಿನಲ್ಲಿ ಗೆಳೆಯರ ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದಾಗ ಬೈಕು ಜಾರಿ, ತಲೆಗೆ ಪೆಟ್ಟು ಬಿದ್ದು, ಮತ್ತೆ ಎಚ್ಚರಗೊಳ್ಳಲಿಲ್ಲ. ತಲೆಯ ಮೇಲೆ ಹೆಲ್ಮೆಟ್ಟು ಇರಲಿಲ್ಲವೆಂದು ಅಂದಿನ ಪತ್ರಿಕೆಗಳು ಬರೆದವು. ಮೂವತ್ತೇಳರ ಪ್ರಾಯ. ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿ ಬೇರೆಯವರಿಗೆ ಬದುಕು ಕೊಟ್ಟರು. ಹಿಂದಿನ ಆಸನದಲ್ಲಿ ಕುಳಿತವನ ತಲೆಯೂ ತಲೆಯೇ ಎಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷ್ಯ ಬೇಕೆ?

ಈ ಮಾತು ನಮ್ಮನ್ನು ನಲವತ್ತರ ಸಂಸಾರಿಗಳ ಬಳಿಗೆ ಕರೆತರುತ್ತದೆ. ಇವರು ವೇಗದವರಲ್ಲ, ಇವರ ತಪ್ಪಿನ ಹೆಸರು ರೂಢಿ. ಮುಂದೆ ನಿಂತ ಮಗ, ನಡುವೆ ಯಜಮಾನರು, ಹಿಂದೆ ಓರೆಯಾಗಿ ಕುಳಿತ ಯಜಮಾನಿತಿ, ಅವರ ತೊಡೆಯ ಮೇಲೆ ಮಗಳು. ಸ್ಕೂಟರು ಒಂದು, ಸಂಸಾರ ಇಡಿಯದು, ಹೆಲ್ಮೆಟ್ಟು ಒಂದೇ. ಚಾಲಕನ ಹೊರತು ಒಬ್ಬರು ಮಾತ್ರ ಕೂಡಬಹುದೆಂದು ಕಾಯಿದೆ ಹೇಳುತ್ತದೆ. ನಾಲ್ಕು ವರ್ಷ ಮೀರಿದವರಿಗೆಲ್ಲ ಹೆಲ್ಮೆಟ್ಟು ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅವರ ಅಳತೆಯ ಹೆಲ್ಮೆಟ್ಟು ಬೇಕು, ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು, ವೇಗ ನಲವತ್ತು ಮೀರಬಾರದು ಎಂಬ ನಿಯಮ ೨೦೨೩ರ ಫೆಬ್ರವರಿಯಿಂದ ಜಾರಿಯಲ್ಲಿದೆ. ತಾಯಂದಿರು ಸೀರೆಯ ಸೆರಗನ್ನು, ಹೆಣ್ಣುಮಕ್ಕಳು ಓಢಣಿಯನ್ನು ಸುತ್ತಿ ಸಿಕ್ಕಿಸಿಕೊಳ್ಳಬೇಕು. ಚಕ್ರಕ್ಕೆ ಸಿಕ್ಕ ಅಂಗೈಯಗಲದ ಬಟ್ಟೆ ಸಾಕು, ಆಳನ್ನು ಕೆಡಹುತ್ತದೆ. ಒಂದು ಮಗುವಿನ ಹೆಲ್ಮೆಟ್ಟಿನ ಬೆಲೆ ಗಣಪತಿ ಹಬ್ಬದ ಒಂದು ಜೊತೆ ಬಟ್ಟೆಯ ಬೆಲೆಯನ್ನು ಮೀರದು.

ಹಿಂದೆ ಕುಳಿತವರ ಮಾತು ಕಾರಿಗೂ ಸಲ್ಲುತ್ತದೆ. ೨೦೨೨ರ ಸೆಪ್ಟೆಂಬರ್ ೪ರಂದು ನಮ್ಮ ನೆರೆಯ ಪಾಲಘರ ಜಿಲ್ಲೆಯ ಚಾರೋಟಿಯ ಹತ್ತಿರ, ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿಯವರ ಕಾರು ಅಪಘಾತಕ್ಕೀಡಾಯಿತು. ಮುಂದಿನ ಇಬ್ಬರು ಗಾಯಗೊಂಡು ಉಳಿದರು. ಬೆಲ್ಟು ಕಟ್ಟದೆ ಹಿಂದೆ ಕುಳಿತಿದ್ದ ಇಬ್ಬರೂ ತೀರಿಕೊಂಡರು. ಅಷ್ಟು ಬೆಲೆಯ ಕಾರೂ ಒಂದು ಪಟ್ಟಿಯ ಕೆಲಸವನ್ನು ಮಾಡಲಾರದು. ಬಾಡಿಗೆಯ ಗಾಡಿಯಲ್ಲಿ ಊರಿನ ಜಾತ್ರೆಗೆ ಹೋಗುವಾಗ ಇದನ್ನು ನೆನಪಿಡಬೇಕು.

ಊರಿನ ದಾರಿಯ ಮಾತು ಬಂದುದರಿಂದ ಇನ್ನೊಂದು ಎಚ್ಚರ. ಮಂಗಳೂರಿನ ಕಡೆಯವರಾಗಲಿ, ವಿಜಯಪುರ, ಕಲಬುರ್ಗಿ, ಬೆಳಗಾವಿಯ ಕಡೆಯವರಾಗಲಿ, ರಜೆ ಸಿಕ್ಕೊಡನೆ ಸಂಜೆ ಕಚೇರಿ ಬಿಟ್ಟು ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆ ಮನೆ ಸೇರುವ ಹವ್ಯಾಸ ನಮ್ಮವರಿಗೆ ಬಹಳ. ದಿನವೆಲ್ಲ ದುಡಿದ ಮೈಗೆ ರಾತ್ರಿ ಎರಡರಿಂದ ಐದರವರೆಗೆ ನಿದ್ದೆ ಹೇಳಿ ಕೇಳಿ ಬರುವುದಿಲ್ಲ. ಆಕಳಿಕೆ ಬಂತು, ಕಣ್ಣು ಉರಿಯಿತು, ಹಿಂದಿನ ಒಂದು ಮೈಲಿ ಹೇಗೆ ಬಂದೆವೆಂಬುದು ನೆನಪಾಗಲಿಲ್ಲ ಎಂದರೆ ಗಾಡಿಯನ್ನು ಬೆಳಕಿರುವ ಜಾಗದಲ್ಲಿ ನಿಲ್ಲಿಸಿ ಮಲಗಿರಿ. ಚಹಾ ನಿದ್ದೆಯನ್ನು ಸ್ವಲ್ಪ ಮುಂದೂಡೀತೇ ಹೊರತು ಓಡಿಸಲಾರದು. ಮುಂಬಯಿಯ ರಂಗಭೂಮಿಯಲ್ಲಿ ಪಳಗಿ, ‘ಆಟೋ ರಾಜ’ನಾಗಿ ರಿಕ್ಷಾ ಚಾಲಕರ ಮನ ಗೆದ್ದ ಶಂಕರನಾಗ್ ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಹತ್ತಿರ ಆನಗೋಡಿನ ಬಳಿ ಹೆದ್ದಾರಿಯಲ್ಲೇ ನಮ್ಮನ್ನು ಅಗಲಿದರು. ಆಗ ಅವರಿಗೆ ಮೂವತ್ತೈದು. ಹೆದ್ದಾರಿ ಯಾರ ಹೆಸರನ್ನೂ ಕೇಳುವುದಿಲ್ಲ.

ಅರವತ್ತು ದಾಟಿದ ಹಿರಿಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ನಲವತ್ತು ವರ್ಷದ ಅನುಭವದ ಬಗ್ಗೆ ನಮಗೆ ಗೌರವವಿದೆ. ಆದರೆ ರಾತ್ರಿ ಎದುರು ಗಾಡಿಯ ದೀಪ ಕಣ್ಣಿಗೆ ಚುಚ್ಚಿ ಕೆಲವು ಕ್ಷಣ ಏನೂ ಕಾಣದಿರುವುದು, ಕುತ್ತಿಗೆ ತಿರುಗದಿರುವುದು, ಬದಿಯಿಂದ ಬಂದ ಹಾರ್ನು ಕೇಳದಿರುವುದು, ಇವು ನಿಧಾನವಾಗಿ ಬರುವ ಕಾರಣ ನಮಗೇ ತಿಳಿಯುವುದಿಲ್ಲ. ಕಾನೂನು ನಲವತ್ತು ದಾಟಿದವರಿಂದ ವೈದ್ಯರ ಪ್ರಮಾಣಪತ್ರ ಕೇಳುತ್ತದೆ. ಐವತ್ತೈದರ ಮೇಲೆ ಲೈಸೆನ್ಸನ್ನು ಐದೈದು ವರ್ಷಕ್ಕೆ ಮಾತ್ರ ಹೊಸದು ಮಾಡಿಕೊಡುತ್ತದೆ. ಆ ಪ್ರಮಾಣಪತ್ರವನ್ನು ಬರಿಯ ಸಹಿಯ ಕಾಗದವಾಗಿ ತರದೆ ನಿಜವಾಗಿಯೂ ಕಣ್ಣು ತೋರಿಸಿರಿ. ಪೊರೆ ಬಂದಿದ್ದರೆ ತೆಗೆಸಿರಿ. ನಿದ್ದೆ ತರುವ ಗುಳಿಗೆ ತೆಗೆದುಕೊಂಡ ದಿನ ಬಂಡಿ ಮುಟ್ಟಬೇಡಿರಿ. ಕತ್ತಲಾದ ಮೇಲೆ ಮತ್ತು ಜೋರು ಮಳೆಯಲ್ಲಿ ಮಗನ ಹಿಂದೆ ಕುಳಿತು ಬಂದರೆ ಮಾನ ಹೋಗುವುದಿಲ್ಲ. ಹೆಲ್ಮೆಟ್ಟು ಮಾತ್ರ ಇರಲಿ.

ಎಲ್ಲ ವಯಸ್ಸಿನವರಿಗೂ ಸಾಮಾನ್ಯವಾದ ನಾಲ್ಕು ಮಾತುಗಳು ಉಳಿದಿವೆ. ಮೊದಲನೆಯದು ಲಾರಿ. ಅದರ ಚಾಲಕ ಎತ್ತರದಲ್ಲಿ ಕುಳಿತಿದ್ದಾನೆ, ಆದ್ದರಿಂದ ಎಲ್ಲ ಕಾಣುತ್ತಾನೆ ಎಂಬುದು ಭ್ರಮೆ. ಅವನ ಎಡಗಡೆಯ ಬಾಗಿಲ ಬುಡ, ಮೂತಿಯ ಮುಂದಿನ ಕೆಲವು ಅಡಿ, ಹಿಂದಿನ ಭಾಗ, ಇವು ಅವನಿಗೆ ಕಾಣದ ಜಾಗಗಳು. ಸೇತುವೆಯ ಇಕ್ಕಟ್ಟಿನಲ್ಲಿ ಎಡಗಡೆಯಿಂದ ನುಸುಳುವ ಬೈಕು ಅವನ ಪಾಲಿಗೆ ಇಲ್ಲವೇ ಇಲ್ಲ. ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲವೆಂದು ತಿಳಿಯಿರಿ.

ಎರಡನೆಯದು ಫಲಕ. ನಮ್ಮಲ್ಲಿ ಹೊಸದಾಗಿ ಬಂದವರಿಗೆ ಮರಾಠಿ ಓದಲು ಬರುವುದಿಲ್ಲ. ಆದರೆ ಫಲಕದ ಆಕಾರಕ್ಕೆ ಭಾಷೆ ಇಲ್ಲ: ಕೆಂಪು ಅಂಚಿನ ವೃತ್ತ ಆಜ್ಞೆ, ತ್ರಿಕೋನ ಎಚ್ಚರಿಕೆ, ಚೌಕ ಮಾಹಿತಿ. ನಾಲ್ಕು ಮರಾಠಿ ಶಬ್ದಗಳನ್ನಾದರೂ ಗುರುತಿಸಲು ಕಲಿಯಿರಿ. ‘ಸಾವಕಾಶ’ ಎಂದರೆ ಮೆಲ್ಲಗೆ. ‘ವಳಣ’ ಎಂದರೆ ತಿರುವು. ‘ಗತಿರೋಧಕ’ ಎಂದರೆ ರಸ್ತೆಯ ಉಬ್ಬು. ‘ಧೋಕಾದಾಯಕ’ ಎಂದರೆ ಅಪಾಯದ್ದು. ವಾಚನಾಲಯದ ಗೋಡೆಯ ಮೇಲೆ ಇವನ್ನು ಎರಡೂ ಲಿಪಿಗಳಲ್ಲಿ ಬರೆದು ಹಚ್ಚಿದರೆ ಒಳ್ಳೆಯದು.

ಮೂರನೆಯದು ಮಳೆ ಮತ್ತು ಗುಂಡಿ. ೨೦೧೮ರ ಜುಲೈಯಲ್ಲಿ ಕಲ್ಯಾಣದ ಶಿವಾಜಿ ಚೌಕದಲ್ಲಿ ನೀರು ನಿಂತ ತಗ್ಗಿನಲ್ಲಿ ಸ್ಕೂಟರು ಜಾರಿ, ಹಿಂದೆ ಕುಳಿತಿದ್ದ ಹೆಣ್ಣುಮಗಳು ಬಸ್ಸಿನ ಚಕ್ರದ ಕೆಳಗೆ ಬಿದ್ದು ಪ್ರಾಣ ಬಿಟ್ಟಳು. ಇಂಥಲ್ಲಿ ಸವಾರನನ್ನೇ ದೂರುವುದು ನ್ಯಾಯವಲ್ಲ. ರಸ್ತೆ ಮಾಡುವವರ ಹೊಣೆ ದೊಡ್ಡದು. ೨೦೨೫ರ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಗುಂಡಿಯಿಂದ ಅಥವಾ ತೆರೆದ ಮ್ಯಾನ್‌ಹೋಲಿನಿಂದ ಸತ್ತವರ ಮನೆಯವರಿಗೆ ಆರು ಲಕ್ಷ ರೂಪಾಯಿ, ಗಾಯಗೊಂಡವರಿಗೆ ಐವತ್ತು ಸಾವಿರದಿಂದ ಎರಡೂವರೆ ಲಕ್ಷದವರೆಗೆ ಪರಿಹಾರ ಕೊಡಬೇಕೆಂದು ಹೇಳಿದೆ. ಗುಂಡಿ ಕಂಡರೆ ಸುಮ್ಮನಿರದೆ ಮಹಾನಗರಪಾಲಿಕೆಗೆ ಅರ್ಜಿ ಕೊಡಬೇಕು. ನಾಲ್ಕು ಜನ ಸಹಿ ಮಾಡಬೇಕು. ನಾವು ಪರಸ್ಥಳದವರು, ನಮಗೇಕೆ ಎನ್ನಬಾರದು. ತೆರಿಗೆ ಕಟ್ಟುವಾಗ ನಾವು ಪರಸ್ಥಳದವರಲ್ಲ. ಅಲ್ಲಿಯವರೆಗೆ ಮಳೆಗಾಲದಲ್ಲಿ ನಿಂತ ನೀರಿಗೆಲ್ಲ ತಳವಿದೆಯೆಂದು ನಂಬದೆ, ವೇಗ ಇಳಿಸಿ, ಮುಂದಿನ ಗಾಡಿಗೂ ನಮಗೂ ಒಣ ದಿನಕ್ಕಿಂತ ಎರಡು ಪಟ್ಟು ಅಂತರ ಇಟ್ಟುಕೊಳ್ಳೋಣ.

ನಾಲ್ಕನೆಯದು ಕಾಗದಪತ್ರ. ೨೦೧೮ರ ಸೆಪ್ಟೆಂಬರಿನಿಂದ ಹೊಸ ಬೈಕು, ಸ್ಕೂಟರುಗಳಿಗೆ ಮೂರನೆಯವರ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೇ ಮಾಡಿಸುವ ಪದ್ಧತಿ ಬಂತು. ಅದರಿಂದ ಅನುಕೂಲವಾಯಿತು, ಆದರೆ ಐದು ವರ್ಷ ಮುಗಿದದ್ದನ್ನು ಮರೆತು ಓಡಿಸುವವರು ಬಹಳ ಮಂದಿ. ವಿಮೆಯಿಲ್ಲದ ಬಂಡಿಯಿಂದ ಇನ್ನೊಬ್ಬನಿಗೆ ಅಪಾಯವಾದರೆ ಲಕ್ಷಗಟ್ಟಲೆ ಪರಿಹಾರವನ್ನು ಮಾಲಿಕನೇ ಕೊಡಬೇಕಾದೀತು; ಊರಿನ ಹೊಲವೂ ಉಳಿಯಲಾರದು. ಮಾಲಿಕ-ಚಾಲಕನಿಗೆ ಹದಿನೈದು ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಇದೆ. ಅದು ಅವನ ಹೆಂಡತಿ ಮಕ್ಕಳಿಗೆ ಸಿಗಬೇಕಾದರೆ ಅವನ ಲೈಸೆನ್ಸು ಚಾಲ್ತಿಯಲ್ಲಿರಬೇಕು. ಇಂದು ರಾತ್ರಿ ಊಟಕ್ಕೆ ಮುಂಚೆ ಎರಡೂ ಕಾಗದಗಳ ತಾರೀಖು ನೋಡಿರಿ.

ಕೊನೆಯದಾಗಿ ಒಂದು ಮಾತು. ಇದೇ ಎಲ್ಲಕ್ಕಿಂತ ಮಿಗಿಲಾದುದೆಂದು ನಮ್ಮ ಅಭಿಪ್ರಾಯ. ರಸ್ತೆಯಲ್ಲಿ ಯಾರೋ ಬಿದ್ದು ರಕ್ತ ಸುರಿಯುತ್ತಿದೆ. ನಮ್ಮವನೊಬ್ಬ ನೋಡುತ್ತಾನೆ, ಮರುಗುತ್ತಾನೆ, ಮುಂದೆ ಹೋಗುತ್ತಾನೆ. ಮನಸ್ಸು ಕಲ್ಲಾದುದರಿಂದಲ್ಲ. ಪೋಲೀಸರು ಹಿಡಿದು ಪ್ರಶ್ನಿಸಿದರೆ ಹರಕುಮುರುಕು ಮರಾಠಿಯಲ್ಲಿ ಏನು ಹೇಳಲಿ, ಆಸ್ಪತ್ರೆಯವರು ಹಣ ಕಟ್ಟೆಂದರೆ ಎಲ್ಲಿಂದ ತರಲಿ, ಕೋರ್ಟಿಗೆ ಅಲೆದರೆ ದಿನಗೂಲಿ ಯಾರು ಕೊಡುತ್ತಾರೆ ಎಂಬ ಅಂಜಿಕೆ. ಬಂಧುಗಳೆ, ಈ ಅಂಜಿಕೆಗೆ ಇಂದು ಕಾರಣವಿಲ್ಲ. ೨೦೧೬ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೆರವಾದವರಿಗೆ ರಕ್ಷಣೆ ಕೊಟ್ಟಿತು. ೨೦೧೯ರ ತಿದ್ದುಪಡಿ ಅದನ್ನು ಕಾಯಿದೆಯಲ್ಲೇ ಬರೆಯಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ವಿಳಾಸ ಹೇಳೆಂದು ಬಲವಂತ ಮಾಡುವಂತಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ತಡೆದಿಡುವಂತಿಲ್ಲ. ಹಣದ ಮಾತಿಗೂ ಉತ್ತರವಿದೆ: ೨೦೨೫ರ ಮೇ ತಿಂಗಳಿನಿಂದ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆ ಜಾರಿಗೆ ಬಂದಿದೆ.

ಮಾಡಬೇಕಾದುದು ಇಷ್ಟು. ೧೦೮ಕ್ಕೋ ೧೧೨ಕ್ಕೋ ಫೋನು ಮಾಡಿರಿ. ಜಾಗದ ಗುರುತು ಹೇಳಿರಿ. ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಲು ಒಬ್ಬರನ್ನು ನಿಲ್ಲಿಸಿರಿ. ರಕ್ತ ಹರಿಯುವ ಕಡೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿರಿ, ಉಸಿರುಗಟ್ಟೀತು. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಅವನ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿರಿ. ಕುತ್ತಿಗೆಯ ಮೂಳೆಗೆ ಅಪಾಯ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ಸತ್ತವರ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯವಾದವರಿಗೆ ಐವತ್ತು ಸಾವಿರ ಸರಕಾರದಿಂದ ಸಿಗುತ್ತದೆಂಬುದನ್ನು ಆ ಮನೆಯವರಿಗೆ ತಿಳಿಸಿರಿ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವ ಕಾರಕೂನರು ನಮ್ಮಲ್ಲಿ ಕಡಿಮೆಯಿಲ್ಲ. ಲೇಖಣಿಗೆ ಇದಕ್ಕಿಂತ ಪುಣ್ಯದ ಕೆಲಸ ಯಾವುದು?

ಆದುದರಿಂದ ನಮ್ಮ ಸೂಚನೆ ಎರಡೇ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಹತ್ತಿರದ ಒಂದು ಬಯಲಿನಲ್ಲಿ ಅಪ್ಪಣೆ ಪಡೆದು, ನಾವು ಎಲ್ಲ ವಯಸ್ಸಿನವರೂ ಸೇರಿ ಬ್ರೇಕಿನ ಅಭ್ಯಾಸ ಮಾಡೋಣ. ನಮ್ಮಲ್ಲಿಯ ಅನುಭವಿ ಲಾರಿ, ಬಸ್ಸು ಚಾಲಕರೇ ಗುರುಗಳಾಗಲಿ. ಹುಡು‍ಗರನ್ನು ಲಾರಿಯ ಆಸನದಲ್ಲಿ ಕೂಡಿಸಿ, ಕಾಣದ ಜಾಗ ಯಾವುದೆಂದು ಕಣ್ಣಾರೆ ತೋರಿಸಲಿ. ಎರಡನೆಯದಾಗಿ, ಪ್ರತಿ ಜನವರಿಯಲ್ಲಿ ದೇಶವೆಲ್ಲ ರಸ್ತೆ ಸುರಕ್ಷತೆಯ ಮಾಸ ಆಚರಿಸುವಾಗ, ಈ ವಾಚನಾಲಯದ ಸದಸ್ಯರೆಲ್ಲರೂ ತಮ್ಮ ಲೈಸೆನ್ಸು, ವಿಮೆ ಮತ್ತು ಮನೆಮಂದಿಯ ಹೆಲ್ಮೆಟ್ಟುಗಳನ್ನು ಒಮ್ಮೆ ತಪಾಸಣೆ ಮಾಡಿಕೊಳ್ಳುವ ಪದ್ಧತಿ ಇಟ್ಟುಕೊಳ್ಳೋಣ. ಖರ್ಚು ಕಡಿಮೆ, ಉಳಿಯುವುದು ಮಾತ್ರ ಹಣದಲ್ಲಿ ಅಳೆಯುವಂಥದಲ್ಲ.

 ಹೊರಗೆ ಗಾಡಿ ನಿಲ್ಲಿಸಿದವರು ಹೊರಡುವ ಮುನ್ನ ಗದ್ದದ ಪಟ್ಟಿ ಕಟ್ಟಿಕೊಳ್ಳಬೇಕಾಗಿ ವಿನಂತಿ.